ಮೂರೇ ಕಾರ್ಡಿನ ಅಂಚೆಯಣ್ಣ: ಜಾನ್ ಪ್ರೈನ್ ಹಾಡು ಕಟ್ಟಿದ ಬಗೆ

ಗಿಟಾರ್ ಹಿಡಿದು ಎರಡು ತಿಂಗಳಾದವರಿಗೂ ಅಮೆರಿಕದ ಹಾಡುಗಾರ ಜಾನ್ ಪ್ರೈನ್‌ನ ‘ಪ್ಯಾರಡೈಸ್’ ನುಡಿಸಲು ಬರುತ್ತದೆ. ಡಿ, ಜಿ, ಎ, ಇಷ್ಟೇ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು). ತಾಳ ಮೂರರದು, ‘ತಕಿಟ ತಕಿಟ’ ಎಂದು ಬಾಯಲ್ಲಿ ಹೇಳಿಕೊಂಡರೆ ಕೈ ತಾನಾಗಿ ಕೂಡಿಕೊಳ್ಳುತ್ತದೆ. ಮೊದಲ ಸಾಲು ಡಿಯಿಂದ ಹೊರಟು ಜಿಗೆ ಹೋಗಿ ಮರಳುತ್ತದೆ, ಎರಡನೆಯದು ಎಗೆ ಹೋಗಿ ಮರಳುತ್ತದೆ. ಮೂರು, ನಾಲ್ಕನೇ ಸಾಲಿಗೂ ಅದೇ ದಾರಿ. ಪಲ್ಲವಿಗೂ ಅದೇ, ಚರಣಕ್ಕೂ ಅದೇ. ಆದರೆ ಇದೇ ಮೂರು ಕಾರ್ಡ್ ಇಟ್ಟುಕೊಂಡು ಇಂಥದೊಂದು ಹಾಡು ಬರೆಯುತ್ತೇನೆಂದು ಕೂತವರು ಮೊದಲ ಚರಣ ದಾಟುವಷ್ಟರಲ್ಲಿ ಸೋತುಹೋಗುತ್ತಾರೆ. ಕಷ್ಟ ಇರುವುದು ನುಡಿಸುವುದರಲ್ಲಿ ಅಲ್ಲ, ಯಾವುದನ್ನು ಹೇಳದೆ ಬಿಡಬೇಕು ಅನ್ನುವುದರಲ್ಲಿ.

ಪ್ರೈನ್ ಹುಟ್ಟಿದ್ದು 1946ರ ಅಕ್ಟೋಬರ್ 10ರಂದು, ಶಿಕಾಗೋ ಪಕ್ಕದ ಮೇವುಡ್ ಎಂಬ ಊರಿನಲ್ಲಿ. ನಾಲ್ವರು ಗಂಡುಮಕ್ಕಳಲ್ಲಿ ಮೂರನೆಯವನು. ಅಪ್ಪ ಕಾರ್ಖಾನೆಯಲ್ಲಿ ಅಚ್ಚು ಮತ್ತು ಉಪಕರಣ ತಯಾರಿಸುವ ಕೆಲಸಗಾರ, ಕಾರ್ಮಿಕ ಸಂಘದಲ್ಲೂ ಓಡಾಡಿಕೊಂಡಿದ್ದವನು. ಅಪ್ಪ ಅಮ್ಮ ಇಬ್ಬರ ಮೂಲವೂ ಕೆಂಟಕಿ ರಾಜ್ಯದ ಪಶ್ಚಿಮದ ಮ್ಯೂಲೆನ್‌ಬರ್ಗ್ ಕೌಂಟಿ. ಕೆಲಸ ಹುಡುಕಿ ನಗರಕ್ಕೆ ಬಂದ ಸಂಸಾರ. ಬೇಸಿಗೆ ಬಂದರೆ ಊರಿಗೆ ಹೊರಡುವುದು, ಮನೆಯಲ್ಲಿ ‘ಕಂಟ್ರಿ’ ಎಂಬ ಹಳ್ಳಿಗಾಡಿನ ಶೈಲಿಯ ಗಾಯಕ ಹ್ಯಾಂಕ್ ವಿಲಿಯಮ್ಸ್‌ನ ಹಾಡು. ನಗರದಲ್ಲಿದ್ದುಕೊಂಡು ಹಳ್ಳಿಯ ಭಾಷೆಯಲ್ಲಿ ಯೋಚಿಸುವ ಮನೆ ಹೇಗಿರುತ್ತದೆ ಎಂದು ನಮಗೆ ಬಿಡಿಸಿ ಹೇಳಬೇಕಿಲ್ಲ.

ಹದಿನಾಲ್ಕನೇ ವಯಸ್ಸಿಗೆ ಅಣ್ಣ ಡೇವ್ ಗಿಟಾರ್ ಹೇಳಿಕೊಟ್ಟ. ಮುಂದೆ ಶಿಕಾಗೋದ ಓಲ್ಡ್ ಟೌನ್ ಸ್ಕೂಲ್ ಆಫ್ ಫೋಕ್ ಮ್ಯೂಸಿಕ್‌ನಲ್ಲಿ ಪಾಠ. ಅಂಚೆ ಇಲಾಖೆಯ ನೌಕರಿ. 1966ರಲ್ಲಿ ಸೈನ್ಯಕ್ಕೆ ಕರೆ ಬಂತು. ಜೊತೆಯ ಹುಡುಗರು ವಿಯೆಟ್ನಾಮಿಗೆ ಹೋದರೆ ಇವನನ್ನು ಪಶ್ಚಿಮ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಾಹನ ರಿಪೇರಿಗೆ ಹಾಕಿದರು. ಮರಳಿ ಬಂದು ಮತ್ತೆ ಅಂಚೆ ಚೀಲ ಹೆಗಲಿಗೇರಿಸಿದ. ದಿನವೂ ಅವೇ ಬೀದಿ, ಅವೇ ಮನೆ. ಯಾವ ಕಾಗದ ಯಾವ ಬಾಗಿಲಿಗೆ ಎಂಬುದು ಒಮ್ಮೆ ಕಾಲಿಗೆ ಗೊತ್ತಾಗಿಬಿಟ್ಟರೆ ತಲೆಗೆ ಕೆಲಸವಿಲ್ಲ. ಆ ಖಾಲಿ ತಲೆಯಲ್ಲೇ ಸಾಲುಗಳು ಕೂಡಿಕೊಂಡವು. ಶಿಕಾಗೋದ ಚಳಿಗಾಳಿ ತಡೆಯದಾದಾಗ ಬೀದಿ ಮೂಲೆಯಲ್ಲಿ ಅಂಚೆ ಕಟ್ಟುಗಳನ್ನು ಇಡುವ ದೊಡ್ಡ ಕಬ್ಬಿಣದ ಪೆಟ್ಟಿಗೆಯೊಳಗೆ ತೂರಿಕೊಂಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದುದೂ ಉಂಟು.

1970ರ ಹೊತ್ತಿಗೆ ಶಿಕಾಗೋದ ‘ಫಿಫ್ತ್ ಪೆಗ್’ ಎಂಬ ಪುಟ್ಟ ಜಾಗದಲ್ಲಿ ಹಾಡಲು ಶುರುಮಾಡಿದ್ದ. ಆ ಅಕ್ಟೋಬರಿನಲ್ಲಿ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಅಲ್ಲಿ ಅವನ ಹಾಡು ಕೇಳಿ ‘ಶಿಕಾಗೋ ಸನ್-ಟೈಮ್ಸ್’ ಪತ್ರಿಕೆಯಲ್ಲಿ ಈ ಹಾಡುವ ಅಂಚೆಯವನ ಬಗ್ಗೆ ಬರೆದ. ಮರುವರ್ಷ ಗೆಳೆಯ ಸ್ಟೀವ್ ಗುಡ್‌ಮನ್, ಆಗಲೇ ಹೆಸರು ಮಾಡಿದ್ದ ಕ್ರಿಸ್ ಕ್ರಿಸ್ಟಾಫರ್ಸನ್‌ನನ್ನು ತಡರಾತ್ರಿ ‘ಅರ್ಲ್ ಆಫ್ ಓಲ್ಡ್ ಟೌನ್’ ಎಂಬ ಇನ್ನೊಂದು ಜಾಗಕ್ಕೆ ಕರೆತಂದ. ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿಟ್ಟಾಗಿತ್ತು. ಪ್ರೈನ್ ಹಾಡಿದ ಮೇಲೆ ಕ್ರಿಸ್ಟಾಫರ್ಸನ್ ‘ಅವನ್ನೇ ಇನ್ನೊಮ್ಮೆ ಹಾಡು’ ಎಂದ. ಕೆಲವೇ ತಿಂಗಳಲ್ಲಿ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ಒಪ್ಪಂದ. 1971ರಲ್ಲಿ ಮೊದಲ ಆಲ್ಬಮ್. ಒಂದನ್ನು ಬಿಟ್ಟು ಉಳಿದದ್ದೆಲ್ಲ ಮೆಂಫಿಸ್‌ನ ಅಮೆರಿಕನ್ ಸೌಂಡ್ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾಯಿತು. ಬಿಲ್‌ಬೋರ್ಡ್ ಎಂಬ ಜನಪ್ರಿಯತೆಯ ಪಟ್ಟಿಯಲ್ಲಿ ಅದು 154ರ ಆಚೆಗೆ ಏರಲಿಲ್ಲ. ಆದರೆ ‘ಸ್ಯಾಮ್ ಸ್ಟೋನ್’, ‘ಹಲೋ ಇನ್ ದೇರ್’, ‘ಪ್ಯಾರಡೈಸ್’, ‘ಏಂಜೆಲ್ ಫ್ರಮ್ ಮಾಂಟ್‌ಗೊಮೆರಿ’ ನಾಲ್ಕೂ ಇರುವುದು ಆ ಒಂದೇ ಆಲ್ಬಮ್‌ನಲ್ಲಿ. ಬರೆದವನಿಗೆ ಇಪ್ಪತ್ತನಾಲ್ಕು ವರ್ಷ.

‘ಪ್ಯಾರಡೈಸ್’ನಿಂದಲೇ ಶುರುಮಾಡೋಣ. ಇದು ಕಲ್ಪನೆಯ ಸ್ವರ್ಗವಲ್ಲ, ಗ್ರೀನ್ ನದಿಯ ದಡದಲ್ಲಿದ್ದ ಒಂದು ಊರಿನ ಹೆಸರು. ಅಪ್ಪನಿಗಾಗಿ ಬರೆದ ಹಾಡು. ಊರಿನ ಸುತ್ತಲ ನೆಲದಡಿ ಕಲ್ಲಿದ್ದಲು. ಸುರಂಗ ಕೊರೆಯದೆ ಮೇಲ್ಮಣ್ಣನ್ನೇ ಕಿತ್ತುಹಾಕಿ ಕಲ್ಲಿದ್ದಲು ಎತ್ತುವ ಪದ್ಧತಿಗೆ ಸ್ಟ್ರಿಪ್ ಮೈನಿಂಗ್ ಎನ್ನುತ್ತಾರೆ. ಪೀಬಡಿ ಕಂಪನಿ 1962ರಲ್ಲಿ ಅಲ್ಲಿಗೆ ತಂದ ದೈತ್ಯ ಅಗೆಯುವ ಯಂತ್ರದ ಬಕೆಟ್ಟಿಗೆ ಒಂದು ಸಲಕ್ಕೆ 115 ಘನ ಗಜ ಮಣ್ಣು ಹಿಡಿಯುತ್ತಿತ್ತು. ಮರುವರ್ಷ ಟೆನೆಸ್ಸಿ ವ್ಯಾಲಿ ಅಥಾರಿಟಿ ಎಂಬ ಸರ್ಕಾರಿ ಸಂಸ್ಥೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಪಕ್ಕದಲ್ಲೇ ಚಾಲೂ ಆಯಿತು. ಊರ ಮೇಲೆ ಬೂದಿ ಬೀಳತೊಡಗಿತು. ಕೊನೆಗೆ ಅದೇ ಸಂಸ್ಥೆ ಮನೆಗಳನ್ನು ಕೊಂಡು 1967ರಲ್ಲಿ ಊರನ್ನು ಕೆಡವಿಹಾಕಿತು.

ಅಂದರೆ ಲೆಕ್ಕ ಹಿಡಿದು ನೋಡಿದರೆ ಊರು ಅಳಿಸಿದ್ದು ಸ್ಥಾವರದವರು, ಸುತ್ತಲ ನೆಲ ಬಗೆದದ್ದು ಗಣಿಯವರು. ಹಾಡಿನಲ್ಲಿ ಎರಡೂ ಒಂದಾಗಿ, ಪೀಬಡಿಯವರ ಕಲ್ಲಿದ್ದಲು ರೈಲೇ ಊರನ್ನು ಹೊತ್ತುಕೊಂಡು ಹೋಯಿತು ಎಂದಾಗಿದೆ. ಪತ್ರಿಕೆಯ ವರದಿಯಾಗಿದ್ದರೆ ಇದು ತಪ್ಪು. ಹಾಡಿಗೆ ಒಬ್ಬ ಎದುರಾಳಿ ಬೇಕಿತ್ತು, ಅವನಿಗೊಂದು ಹೆಸರು ಬೇಕಿತ್ತು. ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ 2015ರಲ್ಲಿ ವಯೋಮಿಂಗ್‌ನ ಮೊಕದ್ದಮೆಯೊಂದರಲ್ಲಿ ಎದುರು ಪಕ್ಷದವರು ದಾವೆಯಲ್ಲಿ ಈ ಹಾಡಿನ ಸಾಲು ಬರೆದಿದ್ದಕ್ಕೆ, ಅದನ್ನು ಕಡತದಿಂದ ತೆಗೆಸಿ ಎಂದು ಕಂಪನಿ ಕೇಳಿಕೊಂಡಿತು. ನ್ಯಾಯಾಧೀಶರು ಒಪ್ಪಲಿಲ್ಲ.

ಈಗ ಹಾಡಿನ ಕಟ್ಟು ಗಮನಿಸಿ. ಮಗ ಅಪ್ಪನನ್ನು ಆ ಊರಿಗೆ ಕರೆದುಕೊಂಡು ಹೋಗು ಎಂದು ಕೇಳುತ್ತಾನೆ. ಅಪ್ಪ, ನೀನು ಕೇಳುವುದು ತಡವಾಯಿತು ಎನ್ನುತ್ತಾನೆ. ಪಲ್ಲವಿ ಎಂದರೆ ಇಷ್ಟೇ: ಒಂದು ಪ್ರಶ್ನೆ, ಒಂದು ಉತ್ತರ. ಚರಣಗಳಲ್ಲಿ ಹಳೆಯ ಜೈಲು, ಹಾವಿನ ವಾಸನೆ, ಬಾಟಲಿಗೆ ಗುರಿಯಿಟ್ಟು ಹೊಡೆಯುವ ಹುಡುಗರು. ‘ಪರಿಸರ’ ಎಂಬ ಮಾತಿಲ್ಲ, ‘ಅನ್ಯಾಯ’ ಎಂಬ ಮಾತಿಲ್ಲ. ಹಾಡಿನ ಟೇಪನ್ನು ಪ್ರೈನ್ ಮನೆಗೆ ತಂದಾಗ ಅಪ್ಪ ಪಕ್ಕದ ಕೋಣೆಗೆ ಹೋಗಿ ಕತ್ತಲಲ್ಲಿ ಕೂತು ಕೇಳಿದ. ಯಾಕೆ ಎಂದದ್ದಕ್ಕೆ, ಕಾಸು ಹಾಕಿದರೆ ಹಾಡು ನುಡಿಸುವ ಪೆಟ್ಟಿಗೆಯಾದ ಜೂಕ್‌ಬಾಕ್ಸಿನಲ್ಲಿ ಬರುತ್ತಿದೆ ಅಂದುಕೊಂಡು ಕೇಳೋಣ ಅನ್ನಿಸಿತು ಎಂದ. ಆಲ್ಬಮ್ ಹೊರಬರುವ ಮೊದಲೇ ಅವನು ತೀರಿಕೊಂಡ.

ಮ್ಯೂಲೆನ್‌ಬರ್ಗ್‌ನಿಂದ ಇನ್ನೊಂದು ಬಳುವಳಿಯೂ ಬಂತು. ಮರ್ಲ್ ಟ್ರಾವಿಸ್ ಹುಟ್ಟಿದ್ದು ಇದೇ ಕೌಂಟಿಯಲ್ಲಿ, 1917ರಲ್ಲಿ. ಅಲ್ಲಿನ ಗಣಿ ಕೆಲಸಗಾರರ ನಡುವೆ ಬೆಳೆದ ಮೀಟುವ ಕ್ರಮ ಇಂದು ಅವನ ಹೆಸರಿನಲ್ಲೇ ‘ಟ್ರಾವಿಸ್ ಪಿಕಿಂಗ್’ ಆಗಿದೆ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದಾದ ಮೇಲೊಂದು ಕಾಲು ಹಾಕುತ್ತಾ ನಡೆಯುತ್ತದೆ, ಉಳಿದ ಬೆರಳು ಸಣ್ಣ ತಂತಿಗಳಲ್ಲಿ ರಾಗ ಎತ್ತುತ್ತವೆ. ಪ್ರೈನ್‌ನ ನಾಲ್ಕು ಮಾತ್ರೆಯ ಹಾಡುಗಳಲ್ಲಿ ಹೆಚ್ಚಿನವು ಈ ನಡಿಗೆಯ ಮೇಲೆ ನಿಂತಿವೆ. ಒಬ್ಬನೇ ಕೂತು ಹಾಡಿದರೂ ಹಿಂದೆ ಇನ್ನೊಬ್ಬ ತಾಳ ಹಿಡಿದ ಹಾಗೆ ಕೇಳುವುದು ಅದಕ್ಕೇ.

ಕಲಿಯುವವರು ಬೆರಳೆಲ್ಲ ಒಟ್ಟಿಗೆ ಶುರುಮಾಡಿ ಕೆಡಿಸಿಕೊಳ್ಳುತ್ತಾರೆ. ಮೊದಲ ವಾರ ಹೆಬ್ಬೆರಳು ಮಾತ್ರ. ತಾಳ ಬಡಿಯುವ ಯಂತ್ರವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಡಿ. ತಂತಿಗಳಲ್ಲಿ 1ನೆಯದು ಅತಿ ಸಣ್ಣದು, 6ನೆಯದು ಅತಿ ದಪ್ಪ. ಸಿ ಕಾರ್ಡ್ ಹಿಡಿದು 5ನೇ ತಂತಿ, 4ನೇ ತಂತಿ, ಮತ್ತೆ 5, ಮತ್ತೆ 4. ಜಿ ಕಾರ್ಡಿಗೆ 6 ಮತ್ತು 4. ಡಿ ಕಾರ್ಡಿಗೆ 4 ಮತ್ತು 3. ಇಲ್ಲಿ ಹೆಬ್ಬೆರಳು ಅಭ್ಯಾಸಬಲದಿಂದ 6ನೇ ತಂತಿಗೆ ಹೋದರೆ ನಾದ ಕಲಸಿಹೋಗುತ್ತದೆ, ಏಕೆಂದರೆ ಆ ಖಾಲಿ ತಂತಿಯ ಇ ಸ್ವರ ಡಿ ಕಾರ್ಡಿನದಲ್ಲ. ಅಂಗೈಯ ಬುಡವನ್ನು, ತಂತಿಗಳ ಬುಡ ಕೂರುವ ಬ್ರಿಡ್ಜಿಗೆ ತಾಗಿಯೂ ತಾಗದ ಹಾಗೆ ಇಟ್ಟರೆ ದಪ್ಪ ತಂತಿಗಳು ‘ಟುಮ್’ ಎಂದು ಚಿಕ್ಕದಾಗಿ ನಿಲ್ಲುತ್ತವೆ, ಮಾತು ಮುಚ್ಚಿಹೋಗುವುದಿಲ್ಲ. ಎರಡನೇ ವಾರ ಮೊದಲ ಪೆಟ್ಟಿಗೆ ಹೆಬ್ಬೆರಳಿನ ಜೊತೆ ನಡುಬೆರಳಲ್ಲಿ 1ನೇ ತಂತಿಯನ್ನು ಚಿವುಟಿದಂತೆ ಮೀಟುವುದು. ಆಮೇಲೆ ಪೆಟ್ಟುಗಳ ನಡುವಿನ ಜಾಗದಲ್ಲಿ ತೋರುಬೆರಳಿನಿಂದ 2ನೇ ತಂತಿ. ಇಷ್ಟಾದ ಮೇಲೂ ಹಾಡಬೇಡಿ. ಅದರ ಮೇಲೆ ಮಾತಾಡಿ. ಎದುರಿಗಿದ್ದವರ ಜೊತೆ ತರಕಾರಿ ರೇಟಿನ ವಿಷಯ ಮಾತಾಡುತ್ತಲೂ ಹೆಬ್ಬೆರಳು ತಪ್ಪದಿದ್ದರೆ ಹಾಡಲು ತಯಾರಾಗಿದ್ದೀರಿ ಎಂದರ್ಥ. ಪ್ರೈನ್‌ನ ಸಾಲುಗಳು ತಾಳದ ಮೇಲೆ ಸರಿಯಾಗಿ ಬೀಳುವುದಿಲ್ಲ, ಮಾತಿನ ಓಟದಲ್ಲಿ ಸ್ವಲ್ಪ ಹಿಂದೆ ಮುಂದೆ ಆಡುತ್ತವೆ. ಹೆಬ್ಬೆರಳು ಬಾಯಿಯ ಬೆನ್ನು ಹತ್ತಿದರೆ ಹಾಡು ಕುಸಿಯಿತು.

‘ಏಂಜೆಲ್ ಫ್ರಮ್ ಮಾಂಟ್‌ಗೊಮೆರಿ’ಯಲ್ಲಿ ಹಾಡುತ್ತಿರುವವಳು ಒಬ್ಬ ಹೆಂಗಸು. ಮೊದಲ ಉಸಿರಿಗೇ ತಾನು ವಯಸ್ಸಾದವಳು ಎಂದುಬಿಡುತ್ತಾಳೆ. ಗಂಡು ದನಿ, ಇಪ್ಪತ್ತರ ಹರೆಯ, ಬಾಯಲ್ಲಿ ಮುದುಕಿಯ ಮಾತು. ‘ಒಬ್ಬ ಹೆಂಗಸಿದ್ದಳು’ ಎಂದು ಹೊರಗೆ ನಿಂತು ಹೇಳಿದ್ದರೆ ಕೇಳುಗ ಕನಿಕರಪಟ್ಟು ಮುಂದೆ ಹೋಗುತ್ತಿದ್ದ. ‘ನಾನು’ ಎಂದದ್ದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮೂರನೇ ಚರಣದಲ್ಲಿ ಅಡುಗೆಮನೆಯ ನೊಣದ ಗುಂಯ್‌ಗುಟ್ಟುವಿಕೆ ಇದೆ. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬಂದವನಿಗೆ ಹೇಳಲು ಒಂದು ಮಾತೂ ಇಲ್ಲವಲ್ಲ ಎಂಬ ಬೆರಗು ಇದೆ. ದಾಂಪತ್ಯ ಹಾಳಾಗಿದೆ ಎಂದು ಎಲ್ಲೂ ಇಲ್ಲ. ಮಾಂಟ್‌ಗೊಮೆರಿ ಅಲಬಾಮಾದ ಊರು, ಹ್ಯಾಂಕ್ ವಿಲಿಯಮ್ಸ್‌ನ ಊರು.

ಇದರ ಪಲ್ಲವಿಯಲ್ಲಿ ಒಂದು ಸಣ್ಣ ಕೈಚಳಕವಿದೆ, ನಮ್ಮ ಸ್ವರಜ್ಞಾನ ಇರುವವರಿಗೆ ಬೇಗ ಹಿಡಿಯುತ್ತದೆ. ಹಾಡನ್ನು ಜಿಯಲ್ಲಿ ನುಡಿಸುತ್ತಿದ್ದೀರಿ, ಜಿಯೇ ಷಡ್ಜ ಎಂದುಕೊಳ್ಳಿ. ಚರಣದಲ್ಲಿ ಬರುವುದು ಜಿ, ಸಿ, ಡಿ. ಡಿ ಕಾರ್ಡಿನೊಳಗಿರುವುದು ಕಾಕಲಿ ನಿಷಾದ, ಷಡ್ಜಕ್ಕೆ ಒತ್ತಿಕೊಂಡೇ ಇರುವ ನಿಷಾದ. ಅದು ಬಂತೆಂದರೆ ಮನೆ ಬಂತು ಅನ್ನಿಸುತ್ತದೆ. ಪಲ್ಲವಿ ಶುರುವಾದ ಕೂಡಲೇ ಎಫ್ ಬರುತ್ತದೆ, ಅಂದರೆ ನಿಷಾದ ಕೈಶಿಕಿಗೆ ಇಳಿಯುತ್ತದೆ. ಎಫ್‌ನಿಂದ ಸಿ, ಸಿಯಿಂದ ಜಿ. ಮನೆಗೆ ಮರಳಿದರೂ ಮುಂಬಾಗಿಲಿನಿಂದಲ್ಲ, ಹಿತ್ತಿಲಿನಿಂದ. ಹಾರಿಹೋಗಬೇಕೆಂಬ ಮಾತು ಬರುವ ಜಾಗದಲ್ಲೇ ಸ್ವರ ಕೆಳಗೆ ಜಗ್ಗುತ್ತದೆ. ಪಲ್ಲವಿಯ ಕೊನೆಯ ಸಾಲಿನಲ್ಲಿ ಮಾತ್ರ ಮತ್ತೆ ಡಿ ಬಂದು ಬಾಗಿಲು ಮುಚ್ಚುತ್ತದೆ. ಇದನ್ನು ಎಫ್ ಇಲ್ಲದೆ ಬರೀ ಸಿ, ಡಿಯಲ್ಲಿ ನುಡಿಸಿ ನೋಡಿ, ಪ್ರಾರ್ಥನಾಗೀತೆಯಾಗಿಬಿಡುತ್ತದೆ.

‘ಸ್ಯಾಮ್ ಸ್ಟೋನ್’ ಯುದ್ಧದಿಂದ ಮರಳಿದ ಸೈನಿಕನ ಕಥೆ. ಮೊಣಕಾಲಲ್ಲಿ ಚೂರುಗಳು, ಎದೆಗೊಂದು ಪದಕ, ಜೊತೆಗೆ ಮಾರ್ಫಿನ್ ಚಟ. ಚರಣಗಳನ್ನು ಹೊರಗಿನವನೊಬ್ಬ ಹೇಳುತ್ತಾನೆ. ಪಲ್ಲವಿಗೆ ಬಂದಾಗ ಮಾತಾಡುತ್ತಿರುವುದು ಸೈನಿಕನ ಮಗು: ಅಪ್ಪನ ತೋಳಲ್ಲಿ ಒಂದು ತೂತಿದೆ, ದುಡ್ಡೆಲ್ಲ ಅದರೊಳಗೆ ಹೋಗುತ್ತದೆ. ಮಗುವಿಗೆ ಚುಚ್ಚುಮದ್ದು ಗೊತ್ತಿಲ್ಲ, ತೂತು ಗೊತ್ತು. ನಮ್ಮ ಹಾಡುಗಳಲ್ಲಿ ಪಲ್ಲವಿ ಮೊದಲು ಬಂದು ಭಾವ ಹಾಸಿಬಿಡುತ್ತದೆ. ಇಲ್ಲಿ ಚರಣ ಮುಗಿದ ಮೇಲೆ ಪಲ್ಲವಿ ಬರುವುದರಿಂದ ಈ ದನಿಯ ಬದಲಾವಣೆ ಸಾಧ್ಯವಾಯಿತು. ಪ್ರತಿ ಸಲ ಅದೇ ಸಾಲು ಮರಳಿದಾಗ ನಡುವೆ ಅಪ್ಪನ ಸ್ಥಿತಿ ಇನ್ನಷ್ಟು ಕೆಟ್ಟಿರುತ್ತದೆ, ಮಗುವಿನ ಮಾತು ಮಾತ್ರ ಹಾಗೇ ಇರುತ್ತದೆ. ಪಲ್ಲವಿಯಲ್ಲಿ ಏಸುವಿನ ಹೆಸರು ಬರುವ ಕಹಿಯಾದ ಸಾಲೊಂದಿದೆ. ಜಾನಿ ಕ್ಯಾಶ್ ಈ ಹಾಡು ಹಾಡಿದಾಗ ಅದನ್ನು ಬದಲಿಸಿಕೊಂಡ. ಹಾಡುವವರು ಇಲ್ಲಿ ಮಾಡುವ ದೊಡ್ಡ ತಪ್ಪು ಅಳು ತುಂಬುವುದು. ಗಂಟಲು ಗದ್ಗದವಾದರೆ ಮಗು ಮಾಯವಾಗಿ ಗಾಯಕ ಉಳಿಯುತ್ತಾನೆ. ಪ್ರೈನ್ ಇದನ್ನು ಕಾಗದದ ವಿಳಾಸ ಓದುವಷ್ಟು ಸಪ್ಪೆಯಾಗಿ ಹಾಡಿದ.

ಇಂಥ ಹಾಡುಗಳನ್ನು ಯಾವ ಕಪಾಟಿನಲ್ಲಿಡಬೇಕೆಂದು ಅಂಗಡಿಯವರಿಗೆ ತಿಳಿಯಲಿಲ್ಲ. ಫೋಕ್ ಅಂದರು, ಕಂಟ್ರಿ ಅಂದರು. ಕಂಟ್ರಿ ರೇಡಿಯೋ ಅವನ ದನಿಯನ್ನು ಹಾಕಿದ್ದು ಕಡಿಮೆ. ಬೇರೆಯವರ ಬಾಯಲ್ಲಿ ಅವನ ಹಾಡು ಎರಡು ಸಲ ಅಲ್ಲಿ ಮೊದಲ ಸ್ಥಾನಕ್ಕೇರಿತು. ರೋಜರ್ ಕುಕ್ ಜೊತೆ ಸೇರಿ ಬರೆದ ಹಾಡುಗಳವು: 1983ರಲ್ಲಿ ಡಾನ್ ವಿಲಿಯಮ್ಸ್ ಹಾಡಿದ್ದು, 1998ರಲ್ಲಿ ಜಾರ್ಜ್ ಸ್ಟ್ರೇಟ್ ಹಾಡಿದ್ದು. ಬಾನಿ ರೇಟ್ 1974ರಲ್ಲಿ ‘ಏಂಜೆಲ್’ ಹಾಡಿ ಅದನ್ನು ತನ್ನದೇ ಹಾಡು ಎನ್ನುವಷ್ಟು ಮಾಡಿಕೊಂಡಳು.

ಬರೆದವನ ಹೊಟ್ಟೆ ತುಂಬುವುದು ಹೀಗೆ. ಅಮೆರಿಕದಲ್ಲಿ ಹಾಡಿನ ಹಕ್ಕು ಬೇರೆ, ಧ್ವನಿಮುದ್ರಿಕೆಯ ಹಕ್ಕು ಬೇರೆ. ಯಾರೇ ಹಾಡಿದ ರೆಕಾರ್ಡ್ ಮಾರಾಟವಾದರೂ ಪ್ರತಿಯೊಂದಕ್ಕೆ ಇಷ್ಟೆಂದು ಬರೆದವನ ಕಡೆಗೆ ಹೋಗಬೇಕು ಎಂದು ಕಾನೂನು ದರ ಗೊತ್ತುಮಾಡಿದೆ. 1909ರಲ್ಲಿ 2 ಸೆಂಟ್ ಎಂದು ನಿಗದಿಯಾದದ್ದು 1977ರವರೆಗೆ ಅಲುಗಾಡಲಿಲ್ಲ. 1998ರಲ್ಲಿ ಅದು 7.1 ಸೆಂಟ್. ಒಂದು ಲಕ್ಷ ಪ್ರತಿಗೆ 7,100 ಡಾಲರ್. ವಾಡಿಕೆಯಂತೆ ಅರ್ಧ ಪ್ರಕಾಶನದವರಿಗೆ, ಉಳಿದ 3,550ರಲ್ಲಿ ಇಬ್ಬರು ಬರೆದಿದ್ದರೆ ತಲಾ 1,775. ರೇಡಿಯೋದಲ್ಲಿ ಹಾಡು ಬಂದರೆ ದುಡ್ಡು ಬರೆದವನಿಗೂ ಪ್ರಕಾಶನಕ್ಕೂ ಮಾತ್ರ. ಅಲ್ಲಿನ ಸಾಮಾನ್ಯ ರೇಡಿಯೋ ಹಾಡಿದವನಿಗೆ ಕೊಡುವುದಿಲ್ಲ. ಹಾಗಾಗಿ ದನಿ ಕೇಳಿಸದ ಕಡೆಯಿಂದಲೂ ಪ್ರೈನ್‌ಗೆ ಚೆಕ್ ಬರುತ್ತಿತ್ತು. ಬೇಡವೆಂದು ಬಿಟ್ಟದ್ದೂ ಉಂಟು. ಸ್ಟೀವ್ ಗುಡ್‌ಮನ್ ಜೊತೆ ಕೂತು ಕಂಟ್ರಿ ಹಾಡುಗಳನ್ನೇ ಗೇಲಿ ಮಾಡುವ ಒಂದು ಹಾಡು ಬರೆದ ಮೇಲೆ, ಕಂಟ್ರಿಯವರಿಗೆ ನೋವಾದೀತೆಂದು ತನ್ನ ಹೆಸರು ಹಾಕಗೊಡಲಿಲ್ಲ. 1975ರಲ್ಲಿ ಡೇವಿಡ್ ಅಲನ್ ಕೋ ಹಾಡಿ ಅದು ಗೆದ್ದಿತು. ಬಂದ ದುಡ್ಡಿನಲ್ಲಿ ಗುಡ್‌ಮನ್ ಗೆಳೆಯನಿಗೆ ಕೊಡಿಸಿದ ಉಡುಗೊರೆ: ಒಂದು ಜೂಕ್‌ಬಾಕ್ಸ್.

ದೊಡ್ಡ ಕಂಪನಿಗಳ ಲೆಕ್ಕ ಬೇರೆಯೇ. ಮುಂಗಡ ಕೊಡುತ್ತಾರೆ, ಸ್ಟುಡಿಯೋ ಖರ್ಚು ಸೇರಿಸುತ್ತಾರೆ, ಅದೆಲ್ಲ ತೀರುವವರೆಗೆ ಹಾಡುಗಾರನ ಪಾಲು ಕೈಗೆ ಬರುವುದಿಲ್ಲ. ಅಟ್ಲಾಂಟಿಕ್, ಆಮೇಲೆ ಅಸೈಲಮ್ ಕಂಪನಿಗಳಲ್ಲಿ ಹತ್ತು ವರ್ಷ ಕಳೆದು ಪ್ರೈನ್ ತನ್ನ ಮ್ಯಾನೇಜರ್ ಅಲ್ ಬುನೆಟಾ ಜೊತೆ ‘ಓ ಬಾಯ್ ರೆಕಾರ್ಡ್ಸ್’ ಕಟ್ಟಿದ. ಕೇಳುಗರು ಇನ್ನೂ ಮುದ್ರಣವಾಗದ ಆಲ್ಬಮ್‌ಗೆ ಮುಂಚಿತವಾಗಿ ಅಂಚೆಯಲ್ಲಿ ಹಣ ಕಳಿಸಿದರು. ಹಳೆಯ ಅಂಚೆಯವನಿಗೆ ಅಂಚೆಯೇ ಬಂಡವಾಳವಾಯಿತು. 1984ರಲ್ಲಿ ‘ಏಮ್‌ಲೆಸ್ ಲವ್’. 1991ರ ‘ದ ಮಿಸ್ಸಿಂಗ್ ಇಯರ್ಸ್’ಗೆ ಗ್ರ್ಯಾಮಿ. ನಡುವಿನ ಎಲ್ಲ ಆಲ್ಬಮ್‌ಗಳೂ ಒಂದೇ ಮಟ್ಟದವಲ್ಲ. 1975ರ ‘ಕಾಮನ್ ಸೆನ್ಸ್’ನಲ್ಲಿ ವಾದ್ಯಗಳ ಗಲಾಟೆಗೆ ಮಾತು ಮುಳುಗುತ್ತದೆ, ಹೊಸಬರು ಅದರಿಂದ ಶುರುಮಾಡುವುದು ಬೇಡ.

1998ರಲ್ಲಿ ಕತ್ತಿನಲ್ಲಿ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯಲ್ಲಿ ಕತ್ತಿನ ಮಾಂಸದ ಒಂದು ಭಾಗ ಹೋಯಿತು, ನಾಲಿಗೆಯ ಕೆಲವು ನರ ತುಂಡಾದವು, ವಿಕಿರಣ ಚಿಕಿತ್ಸೆಯಿಂದ ಲಾಲಾರಸದ ಕೆಲವು ಗ್ರಂಥಿಗಳು ಹಾಳಾದವು. ಚೇತರಿಕೆಗೂ ಮಾತಿನ ಚಿಕಿತ್ಸೆಗೂ ಸುಮಾರು ಒಂದು ವರ್ಷ ಹಿಡಿಯಿತು. ದನಿ ಕೆಳಗಿಳಿದು ಜಲ್ಲಿಕಲ್ಲಿನ ಹಾಗಾಯಿತು. ಶ್ರುತಿ ಇಳಿಸುವುದು ಬಾಯಲ್ಲಿ ಹೇಳುವಷ್ಟು ಸುಲಭವಲ್ಲ. ಗಿಟಾರಿನ ಕತ್ತಿಗೆ ಬಿಗಿದು ತಂತಿಗಳನ್ನು ಅದುಮುವ ಕೇಪೊ ಶ್ರುತಿಯನ್ನು ಏರಿಸಬಲ್ಲದು, ಇಳಿಸಲಾರದು. ಮೊದಲು ಕೇಪೊ ಹಾಕಿಕೊಂಡಿದ್ದರೆ ತೆಗೆಯಬಹುದು. ಅದೂ ಸಾಲದಿದ್ದರೆ ಆರೂ ತಂತಿಗಳನ್ನು ಅರ್ಧ ಸ್ವರ ಸಡಿಲಿಸಬೇಕು. ಹೆಚ್ಚು ಸಡಿಲಿಸಿದರೆ ದಪ್ಪ ತಂತಿ ಗರಗರ ಎನ್ನುತ್ತದೆ. ಇಲ್ಲವೇ ಕಾರ್ಡುಗಳನ್ನೇ ಬದಲಿಸಿ ಬೇರೆ ಹಿಡಿತದಲ್ಲಿ ಬೆರಳಿಗೆ ಹೊಸ ಪಾಠ ಹೇಳಬೇಕು. ಪ್ರೈನ್‌ಗೆ ಇದರಿಂದ ಲಾಭವೇ ಆಯಿತು: ಮೂವತ್ತು ವರ್ಷ ಹಾಡಿ ಸವೆದ ಹಾಡುಗಳು ತಗ್ಗು ಶ್ರುತಿಯಲ್ಲಿ ಹೊಸದಾಗಿ ಕೇಳಿಸಿದವು. 2013ರಲ್ಲಿ ಎಡ ಶ್ವಾಸಕೋಶಕ್ಕೆ ಮತ್ತೆ ಶಸ್ತ್ರಚಿಕಿತ್ಸೆ. ಆಗಿನ ಅಭ್ಯಾಸ ಹೀಗಿತ್ತು: ಮೆಟ್ಟಿಲು ಹತ್ತಿ ಇಳಿದು ಓಡಬೇಕು, ಏದುಸಿರು ಇರುವಾಗಲೇ ಗಿಟಾರ್ ಎತ್ತಿಕೊಂಡು ಎರಡು ಹಾಡು ಹಾಡಬೇಕು. ವೇದಿಕೆಯ ಮೇಲೆ ಉಸಿರು ಸಾಲದೆ ಹೋಗುವ ಗಳಿಗೆಯನ್ನು ಮನೆಯಲ್ಲೇ ರೂಢಿಮಾಡಿಕೊಳ್ಳುವ ಉಪಾಯ.

2018ರ ‘ದ ಟ್ರೀ ಆಫ್ ಫರ್ಗಿವ್‌ನೆಸ್’ಗಾಗಿ ಹೆಂಡತಿ ಫಿಯೊನಾ ಅವನನ್ನು ಅರೆಬರೆ ಸಾಲುಗಳ ಪೆಟ್ಟಿಗೆಗಳ ಸಮೇತ ನ್ಯಾಶ್‌ವಿಲ್‌ನ ಹೋಟೆಲೊಂದರಲ್ಲಿ ಒಂದು ವಾರ ಕೂರಿಸಿದಳು. ಆ ಆಲ್ಬಮ್ ಬಿಲ್‌ಬೋರ್ಡ್‌ನಲ್ಲಿ 5ನೇ ಸ್ಥಾನಕ್ಕೇರಿತು. ಮೊದಲನೆಯದು 154, ಕೊನೆಯದು 5.

2020ರ ಏಪ್ರಿಲ್ 7ರಂದು ನ್ಯಾಶ್‌ವಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡಾಗ 73 ವರ್ಷ. ಪ್ಯಾರಡೈಸ್ ಸ್ಥಾವರದ ಕಲ್ಲಿದ್ದಲಿನ ಕೊನೆಯ ಘಟಕ ನಿಂತದ್ದು ಅದೇ ವರ್ಷದ ಫೆಬ್ರವರಿಯಲ್ಲಿ. ಹಾಡಿನ ಕೊನೆಯ ಚರಣದಲ್ಲಿ ಕೇಳಿಕೊಂಡಂತೆ ಚಿತಾಭಸ್ಮದ ಅರ್ಧವನ್ನು ಗ್ರೀನ್ ನದಿಗೆ ಬಿಟ್ಟರು. ಇನ್ನರ್ಧ ಶಿಕಾಗೋದಲ್ಲಿ ಅಪ್ಪ ಅಮ್ಮನ ಪಕ್ಕದಲ್ಲಿದೆ.

ಹೊಸದಾಗಿ ಕೇಳುವವರು ‘ಹಲೋ ಇನ್ ದೇರ್’ ಅನ್ನು ಎರಡು ಸಲ ಕೇಳಿ. ಮಕ್ಕಳೆಲ್ಲ ಚೆದುರಿಹೋದ, ಒಬ್ಬ ಮಗನನ್ನು ಕೊರಿಯಾ ಯುದ್ಧದಲ್ಲಿ ಕಳೆದುಕೊಂಡ ಮುದಿ ಗಂಡ ಹೆಂಡತಿಯ ಹಾಡು ಅದು. ಹುಡುಗನಾಗಿದ್ದಾಗ ಗೆಳೆಯನ ಜೊತೆ ವೃದ್ಧಾಶ್ರಮಕ್ಕೆ ಪೇಪರ್ ಹಾಕಲು ಹೋದರೆ ಅಲ್ಲಿನ ಕೆಲವರು ಇವನನ್ನೇ ತಮ್ಮ ಮೊಮ್ಮಗ ಎಂಬಂತೆ ಮಾತಾಡಿಸುತ್ತಿದ್ದರಂತೆ. ಹಾಡಿನ ಬೇರು ಅಲ್ಲಿದೆ. ಮೊದಲು 1971ರ ಮುದ್ರಣ: ದನಿ ಮೂಗಿನಿಂದ ಬರುತ್ತದೆ, ಬಿಗಿಯಾಗಿದೆ, ಹುಡುಗನೊಬ್ಬ ಮುದುಕನ ಕೋಟು ತೊಟ್ಟಿದ್ದಾನೆ. ಆಮೇಲೆ 2000ದ ‘ಸೂವನಿಯರ್ಸ್’ ಆಲ್ಬಮ್‌ನಲ್ಲಿ ಕತ್ತಿನ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಹಾಡಿದ್ದು. ಅದೇ ಮಾತು, ಅದೇ ರಾಗ, ಕೋಟು ಈಗ ಅಳತೆಗೆ ಸರಿಯಾಗಿದೆ.